ಉದ್ಯಾನದ ಹಳೆಯ ಬಯಲು ರಂಗಮಂದಿರದ ಮರುವಿನ್ಯಾಸ: ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು?

ಬಯಲುರಂಗ (ಚರ್ಚೆ ಆರಂಭಿಸಿದವರು)

ಸಾರ್ವಜನಿಕ ಉದ್ಯಾನದ ಇಳಿಜಾರಿನಲ್ಲಿ ಅರ್ಧವೃತ್ತಾಕಾರವಾಗಿ ಕಟ್ಟಿರುವ, ಹಲವು ತಲೆಮಾರುಗಳು ನಾಟಕ ಮತ್ತು ಸಂಗೀತ ಸವಿದಿರುವ ಬಯಲು ರಂಗಮಂದಿರವೊಂದನ್ನು ಮರುವಿನ್ಯಾಸಗೊಳಿಸಲು ಕರಡು ನಕ್ಷೆ ಸಿದ್ಧವಾಗಿದೆ. ಆಡಳಿತದವರು ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಿದ್ದಾರೆ. ನಕ್ಷೆಯಲ್ಲಿ ಮುಖ್ಯವಾಗಿ ಕಾಣುವ ಬದಲಾವಣೆಗಳೆಂದರೆ, ಪ್ರೇಕ್ಷಕರ ಜಾಗದ ಮೇಲೆ ಬಿಗಿದ ಬಟ್ಟೆಯ ಶಾಶ್ವತ ಚಾವಣಿ, ಕಲ್ಲಿನ ಪಾವಟಿಗೆಗಳನ್ನು ತೆಗೆದು ಬೆನ್ನಾಸರೆಯಿರುವ ಪ್ಲಾಸ್ಟಿಕ್ ಆಸನಗಳು, ರಂಗದ ಹಿಂದೆ ಈಗ ಮರಗಳಿರುವಲ್ಲಿ ಎರಡು ಅಂತಸ್ತಿನ ಪ್ರಸಾಧನ ಕಟ್ಟಡ, ಸುತ್ತಲೂ ಕಬ್ಬಿಣದ ಬೇಲಿ ಮತ್ತು ದ್ವಾರ.

ಕಟ್ಟಡ ಸೋರುತ್ತಿದೆ, ಕಲ್ಲುಗಳು ಸಡಿಲಗೊಂಡಿವೆ, ಕಲಾವಿದರಿಗೆ ಕನಿಷ್ಠ ಅನುಕೂಲವೂ ಇಲ್ಲ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ನಕ್ಷೆಯಂತೆ ಕೆಲಸ ಮುಗಿದರೆ ಅಲ್ಲಿ ಉಳಿಯುವುದು ಹೆಸರು ಮಾತ್ರ ಎಂಬ ಆತಂಕ ನನ್ನದು. ಹಳೆಯದು ಎಂಬ ಒಂದೇ ಕಾರಣ ಕೊಟ್ಟು ಎಲ್ಲವನ್ನೂ ಹಾಗೆಯೇ ಬಿಡಿ ಎಂದು ಬರೆದರೆ ಆ ಪತ್ರ ಕಡತದಲ್ಲೇ ಉಳಿದುಬಿಡುತ್ತದೆ. ಯಾವುದನ್ನು ಒಪ್ಪಬೇಕು, ಯಾವುದನ್ನು ವಿರೋಧಿಸಬೇಕು, ಯಾವ ಆಧಾರದ ಮೇಲೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ನಕ್ಷೆಗಾರ

ಮೊದಲು ಕೇಳಬೇಕಾದ ಪ್ರಶ್ನೆ, ಈ ರಂಗಮಂದಿರದ ಮಹತ್ವ ಯಾವುದರಲ್ಲಿದೆ ಎಂಬುದು. ಅದನ್ನು ಬರಹದಲ್ಲಿ ನಿಗದಿಪಡಿಸದೆ ನಕ್ಷೆ ಬರೆದವರು ಎಷ್ಟೇ ಸಮರ್ಥರಾದರೂ ದಾರಿ ತಪ್ಪುತ್ತಾರೆ. ಸ್ಮಾರಕಗಳ ಸಂರಕ್ಷಣೆ ಕುರಿತ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದು, ಸ್ಮಾರಕವನ್ನು ಸಮಾಜಕ್ಕೆ ಉಪಯೋಗವಾಗುವಂತೆ ಬಳಸುವುದೇ ಅದರ ರಕ್ಷಣೆಗೆ ನೆರವು ಎಂದು ಒಪ್ಪುತ್ತದೆ, ಆದರೆ ಆ ಬಳಕೆಗಾಗಿ ಅದರ ವಿನ್ಯಾಸವನ್ನೇ ಬದಲಿಸಕೂಡದು ಎಂದೂ ಹೇಳುತ್ತದೆ. ಇದೇ ವಿಷಯದ ಮೇಲೆ ಆಸ್ಟ್ರೇಲಿಯಾದಲ್ಲಿ 1979ರಲ್ಲಿ ರೂಪುಗೊಂಡ ಬರ್ರಾ ಸನ್ನದಿನ ನಿಲುವು ಇನ್ನೂ ಸರಳವಾದುದು: ಅಗತ್ಯವಿದ್ದಷ್ಟು ಬದಲಿಸಿ, ಆದರೆ ಸಾಧ್ಯವಾದಷ್ಟು ಕಡಿಮೆ ಬದಲಿಸಿ. ನಿಮ್ಮ ಪತ್ರಕ್ಕೆ ಈ ಎರಡೂ ಆಧಾರವಾಗಬಲ್ಲವು.

ನನ್ನ ಮಟ್ಟಿಗೆ ಇಂತಹ ಜಾಗದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ನೆಲದ ಇಳಿಜಾರು, ಅರ್ಧವೃತ್ತದ ಅಳತೆ, ಕುಳಿತವನ ಕಣ್ಣಿಗೆ ರಂಗದ ಹಿಂದೆ ಕಾಣುವ ಮರಗಳ ಸಾಲು. ಒಂದು ಕಲ್ಲು ಒಡೆದಿದ್ದರೆ ಅದೇ ಜಾತಿಯ ಇನ್ನೊಂದನ್ನು ಕೂರಿಸಬಹುದು, ಇಳಿಜಾರನ್ನು ಒಮ್ಮೆ ಅಗೆದು ಸಮ ಮಾಡಿದರೆ ಮರಳಿ ಪಡೆಯಲಾಗದು. ಹಾಗೆಂದು ವಿಸ್ತರಣೆಯೇ ಅಪರಾಧವಲ್ಲ. ಗ್ರೀಸ್‌ನ ಪ್ರಾಚೀನ ಎಪಿಡಾರಸ್ ರಂಗಮಂದಿರದಲ್ಲಿ ಮೊದಲಿದ್ದುದು 34 ಸಾಲುಗಳು, ಮೇಲಿನ 21 ಸಾಲುಗಳನ್ನು ಅನಂತರದ ಕಾಲದಲ್ಲಿ ಸೇರಿಸಿದರು. ಆದರೂ ಕೇಂದ್ರವನ್ನೂ ಇಳಿಜಾರಿನ ಲಯವನ್ನೂ ಕೆಡಿಸದೆ ಸೇರಿಸಿದ್ದರಿಂದ ಇಂದು ಎಲ್ಲವೂ ಒಂದೇ ಕೃತಿಯಂತೆ ಕಾಣುತ್ತದೆ.

ನೇಪಥ್ಯ

ನಿಮ್ಮೆಲ್ಲರ ಮಾತು ಪ್ರೇಕ್ಷಕರ ಕಡೆಯಿಂದಲೇ ಬರುತ್ತಿದೆ, ಆದ್ದರಿಂದ ರಂಗದ ಹಿಂದಿನವರ ಮಾತನ್ನೂ ಕೇಳಬೇಕು. ಇಂತಹ ಹಳೆಯ ಬಯಲು ರಂಗಮಂದಿರಗಳಲ್ಲಿ ನಾನು ಪಾತ್ರ ಮಾಡಿದ್ದೇನೆ, ವಸ್ತ್ರವಿನ್ಯಾಸವನ್ನೂ ನೋಡಿಕೊಂಡಿದ್ದೇನೆ. ತಾಡಪಾಲು ಬಿಗಿದ ಮರೆಯಲ್ಲಿ ನಟಿಯರು ಬಟ್ಟೆ ಬದಲಿಸುತ್ತಾರೆ, ನೀರು ನಿಂತ ನೆಲದ ಮೇಲೆಯೇ ವಿದ್ಯುತ್ ತಂತಿ ಹಾದಿರುತ್ತದೆ, ಒಂದು ಬದಿಯಿಂದ ಇನ್ನೊಂದು ಬದಿಗೆ ಪ್ರೇಕ್ಷಕರಿಗೆ ಕಾಣದಂತೆ ದಾಟಲು ದಾರಿಯೇ ಇರುವುದಿಲ್ಲ, ಬಣ್ಣ ತೊಳೆಯಲು ಒಂದು ನಲ್ಲಿಯೂ ಸಿಗುವುದಿಲ್ಲ. ಮರಗಳ ಸಾಲು ಸುಂದರವೆಂಬುದು ನಿಜ, ಆದರೆ ಅದರ ಹಿಂದೆ ನಿಂತವರ ಕಷ್ಟಕ್ಕೂ ಅಷ್ಟೇ ಬೆಲೆ ಇರಬೇಕು.

ನ್ಯೂಯಾರ್ಕ್ ಸೆಂಟ್ರಲ್ ಪಾರ್ಕ್‌ನಲ್ಲಿ 1962ರಲ್ಲಿ ಆರಂಭವಾದ ಡೆಲಕೋರ್ಟ್ ರಂಗಮಂದಿರವನ್ನು 2023ರ ಹಂಗಾಮಿನ ನಂತರ ಮುಚ್ಚಿ, 2025ರ ಆಗಸ್ಟ್‌ನಲ್ಲಿ ಮತ್ತೆ ತೆರೆದರು. ಅಲ್ಲಿ ಪ್ರೇಕ್ಷಕರ ಮೇಲೆ ಚಾವಣಿ ಹಾಕಲಿಲ್ಲ, ಆವರಣದ ಆಕಾರವನ್ನು ಹೆಚ್ಚು ಬದಲಿಸಲಿಲ್ಲ. ಹಣ ಮತ್ತು ಶ್ರಮದ ದೊಡ್ಡ ಪಾಲು ಕಲಾವಿದರ ಕೋಣೆಗಳು, ರಂಗದ ಹಿಂದಿನ ವ್ಯವಸ್ಥೆ, ಅಂಗವಿಕಲರಿಗೆ ಪ್ರವೇಶ ಇಂತಹ ಕಣ್ಣಿಗೆ ಬೀಳದ ಕೆಲಸಗಳಿಗೆ ಹೋಯಿತು. ಹೊರಮೈಗೆ ಹಳೆಯ ನೀರಿನ ತೊಟ್ಟಿಗಳಿಂದ ಬಿಚ್ಚಿದ ರೆಡ್‌ವುಡ್ ಹಲಗೆಗಳನ್ನು ಹೊದಿಸಿದರು. ಆದ್ದರಿಂದ ಪ್ರಸಾಧನ ಕಟ್ಟಡವನ್ನು ಸಾರಾಸಗಟಾಗಿ ವಿರೋಧಿಸಬೇಡಿ, ಅದರ ಎತ್ತರ ಮತ್ತು ಜಾಗದ ಬಗ್ಗೆ ಮಾತ್ರ ವಾದಿಸಿ.

ಕಲ್ಲುಗಾರೆ

ಕಲ್ಲಿನ ಪಾವಟಿಗೆ ಹಾಳಾಗಿದೆ ಎಂದು ತೀರ್ಮಾನಿಸುವ ಮುನ್ನ ಅದನ್ನು ಹಾಳು ಮಾಡಿದ್ದು ಏನೆಂದು ನೋಡಬೇಕು. ಇಂತಹ ಕಡೆಗಳಲ್ಲಿ ನಾನು ಸಾಮಾನ್ಯವಾಗಿ ಕಾಣುವುದು ಒಂದೇ ಚಿತ್ರ: ಮೂಲದಲ್ಲಿ ಸುಣ್ಣದ ಗಾರೆಯಿಂದ ಕಟ್ಟಿದ ಸಂದುಗಳಿಗೆ ಮುಂದೆ ಯಾರೋ ಸಿಮೆಂಟ್ ಮೆತ್ತಿರುತ್ತಾರೆ. ಸುಣ್ಣದ ಗಾರೆ ಮೆದು, ಅದರ ಮೂಲಕ ತೇವ ಹೊರಗೆ ಬಂದು ಆರಿಹೋಗುತ್ತದೆ. ಸಿಮೆಂಟ್ ಗಟ್ಟಿ, ತೇವವನ್ನು ಬಿಡುವುದಿಲ್ಲ. ಆಗ ಮಣ್ಣಿನಿಂದ ಏರಿದ ನೀರು ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ, ಅದರಲ್ಲಿ ಕರಗಿದ ಲವಣ ಕಲ್ಲಿನ ಮೇಲ್ಪದರದ ರಂಧ್ರಗಳಲ್ಲಿ ಹರಳುಗಟ್ಟಿ ಪದರವನ್ನೇ ಒಡೆಯುತ್ತದೆ. ನೀವು ಹೋಗಿ ನೋಡಿ. ಸಂದಿನ ಸಿಮೆಂಟ್ ಎದ್ದು ನಿಂತಿದ್ದು, ಅದರ ಎರಡೂ ಬದಿಯ ಕಲ್ಲು ಒಳಕ್ಕೆ ಸವೆದು, ಬೆರಳಿಂದ ಉಜ್ಜಿದರೆ ಪುಡಿ ಉದುರುತ್ತಿದ್ದರೆ ಕಾರಣ ಇದೇ. ಗ್ರಾನೈಟ್ ಆಗಿದ್ದರೆ ಇಷ್ಟು ಕಾಣದು, ಮರಳುಗಲ್ಲು ಅಥವಾ ಸುಣ್ಣಕಲ್ಲಿನಲ್ಲಿ ಎದ್ದು ಕಾಣುತ್ತದೆ.

ಪರಿಹಾರವೇನೆಂದರೆ ಸಿಮೆಂಟನ್ನು ಯಂತ್ರ ಬಳಸದೆ ಉಳಿಯಿಂದ ನಿಧಾನವಾಗಿ ಬಿಡಿಸಿ, ಸುಣ್ಣದ ಗಾರೆ ತುಂಬಿ, ಪ್ರತಿ ಸಾಲಿನ ಹಿಂದೆ ನೀರು ಹರಿದುಹೋಗಲು ದಾರಿ ಮಾಡುವುದು. ಎಲ್ಲವನ್ನೂ ಕಿತ್ತು ಪ್ಲಾಸ್ಟಿಕ್ ಆಸನ ಹಾಕಿದರೆ ಕೆಳಗಿನ ನೀರು ಎಲ್ಲಿಗೂ ಹೋಗುವುದಿಲ್ಲ, ಹೊಸ ಕಾಂಕ್ರೀಟನ್ನೂ ಅದು ಬಿಡುವುದಿಲ್ಲ.

ಕೊನೆಸಾಲು

ಚಾವಣಿಯನ್ನು ಎಲ್ಲರೂ ಇಷ್ಟು ಸಲೀಸಾಗಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಮಳೆ ಬಂದರೆ ಪ್ರದರ್ಶನ ನಿಲ್ಲುತ್ತದೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ತಂಡದ ಶ್ರಮ ವ್ಯರ್ಥವಾಗುತ್ತದೆ, ಬಿಸಿಲಿನಲ್ಲಿ ಹಿರಿಯರು ಕೂರಲಾರರು. ವರ್ಷದ ಅರ್ಧಭಾಗ ಖಾಲಿ ಬೀಳುವ ರಂಗಮಂದಿರವನ್ನು ಯಾವ ಆಡಳಿತವೂ ಹೆಚ್ಚು ಕಾಲ ಸಾಕುವುದಿಲ್ಲ.

ನಾದಲೋಲ

ಕೊನೆಸಾಲು ಅವರೇ, ನಿಮ್ಮ ಕಳಕಳಿ ಸರಿಯಾದುದು, ಆದರೆ ಬಟ್ಟೆಯ ಚಾವಣಿ ನೀವು ಬಯಸುವ ಫಲ ಕೊಡುವುದಿಲ್ಲ. ಬಿಗಿದ ತೆಳು ಪೊರೆಯ ಮೇಲೆ ಜೋರು ಮಳೆ ಬಿದ್ದಾಗ ಅದರ ಕೆಳಗೆ ಮಾತು ಕೇಳಿಸುವುದೇ ಕಷ್ಟ. ನಾಟಕ ಆಗಲೂ ನಿಲ್ಲುತ್ತದೆ, ವ್ಯತ್ಯಾಸವೆಂದರೆ ಪ್ರೇಕ್ಷಕರು ಒದ್ದೆಯಾಗದೆ ಕಾಯುತ್ತಾರೆ.

ಧ್ವನಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮರುವಿನ್ಯಾಸಗಳಲ್ಲಿ ಹೆಚ್ಚಾಗಿ ಕೆಡುವುದು ಇದೇ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಯ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ನಟನಿಂದ 5 ಮೀಟರ್ ದೂರದಲ್ಲಿ ಕೇಳುವ ಮಾತು 40 ಮೀಟರ್ ದೂರದಲ್ಲಿ 18 ಡೆಸಿಬಲ್ ಕ್ಷೀಣಿಸಿರುತ್ತದೆ. ಈ ನಷ್ಟವನ್ನು ತುಂಬಿಕೊಡಲು ಹಳೆಯವರು ಗಟ್ಟಿಯಾದ ರಂಗದ ನೆಲ, ಹಿಂಗೋಡೆ ಮತ್ತು ಕಡಿದಾದ ಪಾವಟಿಗೆಗಳನ್ನು ಬಳಸಿದರು. ಗೋಡೆಗೆ ತಾಗಿ ಬರುವ ಮಾರ್ದನಿ ನೇರ ಧ್ವನಿಯ ಹಿಂದೆಯೇ ಬಂದರೆ ಕಿವಿಗೆ ಎರಡೂ ಒಂದಾಗಿ, ಮಾತು ಬಲವಾಗಿ ಕೇಳುತ್ತದೆ. ಸುಮಾರು 50 ಮಿಲಿಸೆಕೆಂಡಿಗಿಂತ ತಡವಾದರೆ, ಅಂದರೆ ಅದು ಸುತ್ತಿಬಂದ ದಾರಿ 17 ಮೀಟರಿಗಿಂತ ಹೆಚ್ಚು ಉದ್ದವಾಗಿದ್ದರೆ, ಅದು ಬೇರೆಯ ಪ್ರತಿಧ್ವನಿಯಾಗಿ ಮಾತನ್ನು ಕೆಡಿಸುತ್ತದೆ. ಪ್ರಸಾಧನ ಕಟ್ಟಡವನ್ನು ರಂಗದಿಂದ ಹಿಂದಕ್ಕೆ ತಳ್ಳಿ, ನುಣುಪಾದ ಎತ್ತರದ ಗೋಡೆ ಕಟ್ಟಿದರೆ ಈ ತೊಂದರೆಯನ್ನು ತಾವಾಗಿಯೇ ಬರಮಾಡಿಕೊಂಡಂತೆ.

ಎಪಿಡಾರಸ್ ಪ್ರಸ್ತಾಪ ಬಂದಿದ್ದರಿಂದ ಒಂದು ಮಾತು. ಅಲ್ಲಿ ನಾಣ್ಯ ಬಿದ್ದ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ ಎಂಬ ಮಾತು ಎಲ್ಲೆಡೆ ಹರಿದಾಡುತ್ತದೆ. ಸುಣ್ಣಕಲ್ಲಿನ ಮೆಟ್ಟಿಲುಗಳು ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನ ಗದ್ದಲವನ್ನು ತಗ್ಗಿಸಿ, ಮೇಲಿನ ಸ್ವರಗಳನ್ನು ಉಳಿಸುತ್ತವೆ ಎಂದು 2007ರಲ್ಲಿ ಜಾರ್ಜಿಯಾ ಟೆಕ್ ಸಂಶೋಧಕರು ತೋರಿಸಿದರು. 2017ರಲ್ಲಿ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದವರು ಅಲ್ಲೇ ವಿಸ್ತಾರವಾಗಿ ಅಳತೆ ಮಾಡಿದಾಗ, ನಾಣ್ಯ ಮತ್ತು ಪಿಸುಮಾತಿನ ಹೇಳಿಕೆ ಉತ್ಪ್ರೇಕ್ಷೆ ಎಂದು ಗೊತ್ತಾಯಿತು, ಆದರೆ ಗಟ್ಟಿಯಾಗಿ ಆಡಿದ ಮಾತು ಇಡೀ ರಂಗಮಂದಿರಕ್ಕೆ ತಲಪುತ್ತದೆ ಎಂಬುದೂ ದೃಢವಾಯಿತು. ನಮ್ಮ ಪಾವಟಿಗೆಗಳನ್ನೂ ತೆಗೆಯುವ ಮುನ್ನ ಹೀಗೆ ಅಳೆಯಿರಿ ಎಂದು ಪತ್ರದಲ್ಲಿ ಬರೆಯಿರಿ.

ಕೊನೆಸಾಲು

ಅಳತೆಯ ಮಾತು ಒಪ್ಪಬಹುದಾದದ್ದೇ. ಆದರೆ ಮೈಕ್ ಮತ್ತು ಸ್ಪೀಕರ್ ಇರುವ ಈ ಕಾಲದಲ್ಲಿ ಕಲ್ಲು ಮಾತನ್ನು ಎಷ್ಟು ದೂರ ಒಯ್ಯುತ್ತದೆ ಎಂಬುದು ಯಾಕೆ ಮುಖ್ಯವಾಗಬೇಕು? ಚಾವಣಿಯ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ.

ನಕ್ಷೆಗಾರ

ಚಾವಣಿ ಬೇಕಾದರೆ ಅದು ರಂಗದ ಮೇಲೆ ಇರಲಿ. ಫ್ರಾನ್ಸ್‌ನ ಒರಾಂಜ್‌ನಲ್ಲಿರುವ ರೋಮನ್ ರಂಗಮಂದಿರದಲ್ಲಿ 2006ರಲ್ಲಿ ಗಾಜು ಮತ್ತು ಲೋಹದ ಚಾವಣಿಯನ್ನು ರಂಗದ ಗೋಡೆಯ ಮೇಲೆ ಮಾತ್ರ ಹಾಕಿದರು, ಪ್ರೇಕ್ಷಕರ ಸಾಲುಗಳು ಆಕಾಶಕ್ಕೇ ತೆರೆದಿವೆ. ರೋಮನ್ನರ ಕಾಲದಲ್ಲೂ ರಂಗದ ಮೇಲೆ ಚಾವಣಿ ಇದ್ದುದರಿಂದ ಅದಕ್ಕೆ ಐತಿಹಾಸಿಕ ಆಧಾರವೂ ಇತ್ತು. ವಿದ್ಯುತ್ ಉಪಕರಣ, ವಾದ್ಯಗಳು ಮತ್ತು ನಟರು ನೆನೆಯುವುದಿಲ್ಲ, ತುಂತುರು ಮಳೆಯಲ್ಲಿ ಪ್ರೇಕ್ಷಕರು ಕೊಡೆ ಬಿಚ್ಚದೆ ಮಳೆಯಂಗಿ ಹಾಕಿಕೊಂಡು ಕೂರಬಹುದು. ಬಿಸಿಲಿಗೆ ಶಾಶ್ವತ ಚಾವಣಿಗಿಂತ ಹಂಗಾಮಿನಲ್ಲಿ ಕಟ್ಟಿ ಬಿಚ್ಚುವ ನೆರಳುಬಟ್ಟೆ ಸಾಕು. ಪ್ರೇಕ್ಷಕರ ಮೇಲಿನ ಶಾಶ್ವತ ಚಾವಣಿಗೆ ಕಂಬಗಳು ಬೇಕು, ಕಂಬಗಳಿಗೆ ಗಾಳಿಯ ಎಳೆತ ತಾಳುವ ಆಳವಾದ ಬುನಾದಿ ಬೇಕು, ಬುನಾದಿ ಹೋಗುವುದು ಇದೇ ಇಳಿಜಾರಿನ ಒಳಕ್ಕೆ.

ಗಾಲಿಪಯಣ

ಇಷ್ಟು ಹೊತ್ತು ಮಾತಾಡಿದ ಯಾರೊಬ್ಬರಿಗೂ ಗಾಲಿಕುರ್ಚಿಯ ನೆನಪು ಬರಲಿಲ್ಲ, ಡೆಲಕೋರ್ಟ್ ಬಗ್ಗೆ ಬರೆದವರು ಮಾತ್ರ ಒಂದು ಪದದಲ್ಲಿ ಮುಟ್ಟಿ ಬಿಟ್ಟರು. ಮಹತ್ವದ ಪಟ್ಟಿಯಲ್ಲಿ ಇಳಿಜಾರು ಮೊದಲು ಬರುತ್ತದೆ ಎನ್ನುವವರು ಆ ಇಳಿಜಾರು ಕೆಲವರನ್ನು ತಲೆಮಾರುಗಳ ಕಾಲ ಹೊರಗಿಟ್ಟಿದೆ ಎಂಬುದನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕು. ನಾನು ಗಾಲಿಕುರ್ಚಿ ಬಳಸುವವಳು. ಮೆಟ್ಟಿಲುಗಳ ಪಕ್ಕದ ಹಾದಿಯಲ್ಲಿ, ಜನ ಓಡಾಡುವ ಕಡೆಯೇ ನನ್ನ ಕುರ್ಚಿಯನ್ನು ನಿಲ್ಲಿಸಿ ನಾಟಕ ನೋಡಿದ್ದೇನೆ. ಜೊತೆಗೆ ಬಂದವರು ಬೇರೆಲ್ಲೋ ಕೂರಬೇಕಾಗುತ್ತದೆ.

ಸಾಮಾನ್ಯವಾಗಿ ಒಪ್ಪುವ ಗರಿಷ್ಠ ಇಳಿಜಾರು 1:12. ಮೂರು ಮೀಟರ್ ಎತ್ತರ ಇಳಿಯಲು 36 ಮೀಟರ್ ಉದ್ದದ ರ‍್ಯಾಂಪ್ ಬೇಕು, ನಡುನಡುವೆ ನಿಲ್ಲುವ ಸಮತಟ್ಟಿನ ಜಾಗವೂ ಬೇಕು. ಇದನ್ನು ಪಾವಟಿಗೆಗಳ ನಡುವೆ ತುರುಕಿದರೆ ಅರ್ಧವೃತ್ತ ಹಾಳಾಗುತ್ತದೆ ಎಂಬುದು ನನಗೂ ಗೊತ್ತು. ಆದರೆ ರಂಗಮಂದಿರ ಗುಡ್ಡದ ಓರೆಯಲ್ಲಿದೆ. ಉದ್ಯಾನದ ಮೇಲಿನ ಹಾದಿ ಕೊನೆಯ ಸಾಲಿನ ಮಟ್ಟಕ್ಕೆ ಬರುತ್ತದೆ, ಕೆಳಗಿನ ಹಾದಿ ರಂಗದ ಮಟ್ಟಕ್ಕೆ ಬರುತ್ತದೆ. ಆ ಎರಡು ಹಾದಿಗಳನ್ನು ಸರಿಪಡಿಸಿದರೆ ಮೆಟ್ಟಿಲಿಲ್ಲದೆ ಎರಡೂ ಕಡೆ ತಲಪಬಹುದು. ನಡುವಿನ ಸಾಲಿಗೆ ಒಂದು ಅಡ್ಡಹಾದಿಯನ್ನು ನೆಲದ ಸಮಮಟ್ಟದ ಗೆರೆ ಹಿಡಿದು ತರಬಹುದು. ನಮಗೆ ಒಂದೇ ಮೂಲೆಯಲ್ಲಿ ಜಾಗ ಕೊಡಬೇಡಿ, ಮೇಲೆ, ನಡುವೆ, ಕೆಳಗೆ ಹಂಚಿ ಕೊಡಿ, ಪಕ್ಕದಲ್ಲಿ ಜೊತೆಗಾರರ ಆಸನವೂ ಇರಲಿ. ರಂಗದ ಮೇಲಕ್ಕೂ ದಾರಿ ಮಾಡಿ, ಏಕೆಂದರೆ ನಮ್ಮಲ್ಲಿಯೂ ನಟರಿದ್ದಾರೆ.

ನಕ್ಷೆಗಾರ

ಗಾಲಿಪಯಣ ಅವರ ಮಾತು ನನ್ನ ಪಟ್ಟಿಗೆ ಸೇರಲೇಬೇಕು. ಇದಕ್ಕೆ ಒಂದನ್ನು ಸೇರಿಸುತ್ತೇನೆ: ಮುಂದಿನ ಸಾಲಿನವರು ಎದ್ದು ನಿಂತಾಗಲೂ ಗಾಲಿಕುರ್ಚಿಯಲ್ಲಿರುವವರಿಗೆ ರಂಗ ಕಾಣುವಂತೆ ದೃಷ್ಟಿರೇಖೆಯನ್ನು ಲೆಕ್ಕ ಹಾಕಬೇಕು. ಮುಂದಿನವರ ಕಣ್ಣಿನ ಮಟ್ಟಕ್ಕಿಂತ ಹಿಂದಿನವರ ನೋಟದ ರೇಖೆ 12 ಸೆಂಟಿಮೀಟರ್ ಮೇಲೆ ಹಾದರೆ ಒಳ್ಳೆಯದು ಎಂಬುದು ರಂಗಮಂದಿರ ವಿನ್ಯಾಸದ ರೂಢಿ. ಬೆನ್ನಾಸರೆಯ ಆಸನಗಳಿಗೆ ಸಾಲಿನ ಆಳ ಹೆಚ್ಚು ಬೇಕು, ಆಳ ಹೆಚ್ಚಿದರೆ ಅದೇ ಇಳಿಜಾರಿನಲ್ಲಿ ಸಾಲುಗಳು ಕಡಿಮೆಯಾಗುತ್ತವೆ. ಕರಡು ನಕ್ಷೆಯಲ್ಲಿ ಆಸನಗಳ ಒಟ್ಟು ಸಂಖ್ಯೆ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿ.

ಹಸಿರುನೆರಳು

ರಂಗದ ಹಿಂದಿನ ಮರಗಳ ಬಗ್ಗೆ ಎಲ್ಲರೂ ನೋಟದ ದೃಷ್ಟಿಯಿಂದ ಮಾತಾಡಿದರು. ಆ ಮರಗಳು ಬೇರಿನ ಮೇಲೆ ನಿಂತಿವೆ, ಬೇರುಗಳ ಬಹುಪಾಲು ಮಣ್ಣಿನ ಮೇಲಿನ 60 ಸೆಂಟಿಮೀಟರಿನಲ್ಲೇ ಹರಡಿರುತ್ತದೆ, ಕೊಂಬೆಗಳ ನೆರಳಿನಾಚೆಗೂ ಹೋಗುತ್ತದೆ. ನಕ್ಷೆಯಲ್ಲಿ ಮರವನ್ನು ಒಂದು ಸಣ್ಣ ವೃತ್ತವಾಗಿ ಬರೆದು, ಉಳಿಸಲಾಗಿದೆ ಎಂದು ಪಕ್ಕದಲ್ಲಿ ಗುರುತು ಹಾಕುತ್ತಾರೆ. ಆಮೇಲೆ ಆ ವೃತ್ತದ ಅಂಚಿನಲ್ಲೇ ವಿದ್ಯುತ್ ಕೇಬಲ್, ಒಳಚರಂಡಿ ಮತ್ತು ನೀರಿನ ಪೈಪಿಗೆ ಮೂರು ಬೇರೆಬೇರೆ ಕಾಲುವೆ ತೋಡುತ್ತಾರೆ. ಮರ ಆ ವರ್ಷ ಸಾಯುವುದಿಲ್ಲ. ಕೆಲವು ವರ್ಷಗಳ ನಂತರ ತುದಿಯಿಂದ ಒಣಗುತ್ತಾ ಬರುತ್ತದೆ, ಆಗ ಅಪಾಯಕಾರಿ ಮರವೆಂದು ಕಡಿಯುತ್ತಾರೆ. ಇದನ್ನು ನಾನು ಉದ್ಯಾನಗಳಲ್ಲಿ ಕಂಡಿದ್ದೇನೆ, ಪ್ರತಿ ಬಾರಿಯೂ ಸಂಕಟವಾಗುತ್ತದೆ.

ಎಲ್ಲ ತಂತಿ ಮತ್ತು ಪೈಪುಗಳಿಗೂ ಒಂದೇ ಕಾಲುವೆ ಇರಲಿ, ಅದು ರಂಗದ ಕೆಳಗೆ ಹೋಗಲಿ, ಬೇರಿನ ವಲಯದಲ್ಲಿ ಯಂತ್ರ ಬಾರದಂತೆ ಕಾಮಗಾರಿ ಆರಂಭಿಸುವ ಮೊದಲೇ ಬೇಲಿ ಹಾಕಲಿ. ಪ್ರಸಾಧನ ಕಟ್ಟಡವನ್ನು ಒಂದೇ ಅಂತಸ್ತಿಗೆ ಇಳಿಸಿ, ಮರಗಳಿಲ್ಲದ ಬದಿಗೆ ಸರಿಸಿ, ನೆಲದ ಓರೆಯೊಳಕ್ಕೆ ಅರ್ಧ ಹುದುಗಿಸಿದರೆ ನೇಪಥ್ಯ ಅವರ ಬೇಡಿಕೆಯೂ ಈಡೇರುತ್ತದೆ.

ನೇಪಥ್ಯ

ಹುದುಗಿಸಿದ ಕಟ್ಟಡ ಎಂದರೆ ಗಾಳಿಯಾಡದ, ತೇವ ಹಿಡಿಯುವ ಕೋಣೆ ಎಂದಾಗಬಾರದು. ರೇಷ್ಮೆ ವಸ್ತ್ರ ಮತ್ತು ಚರ್ಮದ ವಾದ್ಯಗಳಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು. ಎದುರು ಬದಿಯ ಕಿಟಕಿಗಳಿಂದ ಗಾಳಿ ಹಾಯುವುದಾದರೆ ಒಪ್ಪುತ್ತೇನೆ.

ಮುಂಜಾನೆನಡಿಗೆ

ನನ್ನ ಆಕ್ಷೇಪಣೆ ಬೇಲಿಯ ಬಗ್ಗೆ, ಮತ್ತು ಇದನ್ನು ಎಲ್ಲಕ್ಕಿಂತ ಮೇಲೆ ಇಡಬೇಕೆಂದು ವಿನಂತಿಸುತ್ತೇನೆ. ಪ್ರದರ್ಶನವಿಲ್ಲದ ದಿನಗಳೇ ಹೆಚ್ಚು. ಆ ದಿನಗಳಲ್ಲಿ ಪಾವಟಿಗೆಗಳ ಮೇಲೆ ವಿದ್ಯಾರ್ಥಿಗಳು ಓದುತ್ತಾರೆ, ಮಕ್ಕಳು ರಂಗದ ಮೇಲೆ ತಮಗೆ ತೋಚಿದ ನಾಟಕ ಆಡುತ್ತಾರೆ, ವಯಸ್ಸಾದವರು ನಡಿಗೆಯ ನಡುವೆ ದಣಿವಾರಿಸಿಕೊಳ್ಳುತ್ತಾರೆ. ಬೇಲಿ ಬಂದರೆ ಉದ್ಯಾನದ ಒಂದು ಭಾಗ ಸಾರ್ವಜನಿಕರ ಕೈತಪ್ಪುತ್ತದೆ. ಬೇಲಿಯ ಹಿಂದೆಯೇ ಟಿಕೆಟ್ ಬರುತ್ತದೆ, ಅದರ ಹಿಂದೆ ಖಾಸಗಿ ಸಮಾರಂಭಗಳ ಬಾಡಿಗೆ ಬರುತ್ತದೆ.

1959ರಲ್ಲಿ ನ್ಯೂಯಾರ್ಕ್‌ನ ಉದ್ಯಾನ ಆಯುಕ್ತ ರಾಬರ್ಟ್ ಮೋಸೆಸ್, ಹುಲ್ಲು ಹಾಳಾಗುವ ವೆಚ್ಚಕ್ಕೆ ಪ್ರವೇಶಶುಲ್ಕ ವಸೂಲು ಮಾಡಲೇಬೇಕು ಎಂದು ರಂಗನಿರ್ಮಾಪಕ ಜೋಸೆಫ್ ಪ್ಯಾಪ್ ಅವರ ಉಚಿತ ನಾಟಕಗಳಿಗೆ ಷರತ್ತು ಹಾಕಿದರು. ಪ್ಯಾಪ್ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಮೇಲೆ ಹೇಳಿದ ಡೆಲಕೋರ್ಟ್ ರಂಗಮಂದಿರ ನಿಂತಿದ್ದು ಆ ಹೋರಾಟದ ನಂತರವೇ. ಟಿಕೆಟ್ ಇರುವ ಕಡೆಯೂ ದಾರಿಗಳಿವೆ: ಸೇಂಟ್ ಲೂಯಿಸ್‌ನ ಫಾರೆಸ್ಟ್ ಪಾರ್ಕ್‌ನಲ್ಲಿ, ಸುಮಾರು 11,000 ಆಸನಗಳ ಮ್ಯೂನಿ ಬಯಲು ರಂಗಮಂದಿರದಲ್ಲಿ, ಹಿಂದಿನ ಸುಮಾರು 1,500 ಆಸನಗಳನ್ನು ಮೊದಲು ಬಂದವರಿಗೆ ಉಚಿತವಾಗಿ ಬಿಟ್ಟುಕೊಡುತ್ತಾರೆ.

ಬೆಳಕುಗಾರ

ಬೇಲಿಯಿಲ್ಲದಿದ್ದರೆ ಉಪಕರಣಗಳ ರಕ್ಷಣೆ ಹೇಗೆ? ರಾತ್ರಿ ಕಟ್ಟಿದ ದೀಪ ಬೆಳಿಗ್ಗೆ ಇರುವುದಿಲ್ಲ, ತಾಮ್ರದ ತಂತಿಯನ್ನೂ ಕತ್ತರಿಸಿ ಒಯ್ಯುತ್ತಾರೆ. ಹೀಗಿರುವಾಗ ಬೇಲಿಯನ್ನು ಒಂದೇ ಏಟಿಗೆ ತಿರಸ್ಕರಿಸುವುದು ಸರಿಯಲ್ಲ.

ಮುಂಜಾನೆನಡಿಗೆ

ಕಾಯಬೇಕಾದದ್ದು ಉಪಕರಣವನ್ನಾದರೆ ಉಪಕರಣದ ಕೋಣೆಗೆ ಬೀಗ ಹಾಕೋಣ. ಇಡೀ ಪಾವಟಿಗೆಗೆ ಬೀಗ ಹಾಕುವುದೇಕೆ? ಪ್ರದರ್ಶನದ ದಿನಗಳಲ್ಲಿ ಕಳಚಬಹುದಾದ ತಡೆಗಳನ್ನು ನಿಲ್ಲಿಸಿ, ಮುಗಿದ ಮೇಲೆ ತೆಗೆಯಬಹುದು.

ಬೆಳಕುಗಾರ

ಹಾಗಾದರೆ ನಕ್ಷೆಯಲ್ಲೇ ಅದಕ್ಕೆ ಅವಕಾಶವಿರಬೇಕು. ದೀಪದ ಕಂಬಗಳು ಶಾಶ್ವತವಾಗಿ ನಿಲ್ಲಬೇಕಾಗಿಲ್ಲ. ಪಾವಟಿಗೆಯ ಎರಡು ಅಂಚುಗಳಲ್ಲಿ, ನೆಲದ ಮಟ್ಟದಲ್ಲಿ ಮುಚ್ಚಳವಿರುವ ಉಕ್ಕಿನ ಗೂಡುಗಳನ್ನು ಕಟ್ಟಿ, ಬೇಕಾದಾಗ ಕಂಬ ನಿಲ್ಲಿಸಿ, ಮುಗಿದ ಮೇಲೆ ಕೋಣೆಗೆ ಸಾಗಿಸಬಹುದು. ಮುಖದ ಮೇಲೆ ಬೆಳಕು ಸುಮಾರು 45 ಡಿಗ್ರಿ ಕೋನದಲ್ಲಿ ಬಿದ್ದರೆ ನಟನ ಕಣ್ಣು ಕಾಣುತ್ತದೆ, ಆದ್ದರಿಂದ ಕಂಬದ ಎತ್ತರವನ್ನು ರಂಗದ ಅಂಚಿನಿಂದ ಅಳೆದು ನಿರ್ಧರಿಸಬೇಕು. ಕರಡಿನಲ್ಲಿರುವಂತೆ ಚಾವಣಿಯ ಅಂಚಿಗೆ ದೀಪ ತೂಗಿಬಿಟ್ಟರೆ, ಚಾವಣಿ ರದ್ದಾದ ದಿನ ದೀಪಕ್ಕೆ ಜಾಗವೇ ಇಲ್ಲ ಎಂದು ಚಾವಣಿಯನ್ನು ಸಮರ್ಥಿಸುತ್ತಾರೆ. ಅದಕ್ಕೆ ಉತ್ತರ ಪತ್ರದಲ್ಲಿ ಮೊದಲೇ ಇರಲಿ.

ನಾದಲೋಲ

ಕೊನೆಸಾಲು ಅವರು ಮೈಕ್ ಬಗ್ಗೆ ಕೇಳಿದ್ದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ರಂಗದ ಎರಡು ಬದಿಗೆ ದೊಡ್ಡ ಸ್ಪೀಕರ್ ನಿಲ್ಲಿಸಿ ಕೊನೆಯ ಸಾಲಿಗೆ ಕೇಳುವಷ್ಟು ಏರಿಸಿದರೆ ಮುಂದಿನವರ ಕಿವಿಗೆ ನೋವಾಗುತ್ತದೆ, ಉದ್ಯಾನದ ಸುತ್ತಲಿನ ಮನೆಗಳಿಗೂ ನುಗ್ಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲದ ಬಳಿಯ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿದ್ದರೆ ಧ್ವನಿ ಕೆಳಕ್ಕೆ ಬಾಗಿ ಇನ್ನೂ ದೂರ ಹೋಗುತ್ತದೆ. ನೆರೆಯವರ ದೂರು ಬಂದರೆ ಆಡಳಿತ ಮೊದಲು ನಿಲ್ಲಿಸುವುದು ಪ್ರದರ್ಶನಗಳನ್ನೇ. ಕಲ್ಲು, ಗೋಡೆ ಮತ್ತು ಇಳಿಜಾರು ಎಷ್ಟು ಕೆಲಸ ಮಾಡುತ್ತವೆಯೋ ಸ್ಪೀಕರನ್ನು ಅಷ್ಟು ಕಡಿಮೆ ಬಳಸಬಹುದು, ಅದು ಮುಖ್ಯವಾಗುವುದು ಈ ಕಾರಣಕ್ಕೆ.

ಷಿಕಾಗೋದ ಮಿಲೆನಿಯಂ ಪಾರ್ಕ್‌ನಲ್ಲಿ 2004ರಲ್ಲಿ ತೆರೆದ ಪ್ರಿಟ್ಜ್‌ಕರ್ ಪೆವಿಲಿಯನ್ ಎಂಬ ಬಯಲು ಸಂಗೀತ ವೇದಿಕೆಯಲ್ಲಿ ಹುಲ್ಲುಹಾಸಿನ ಮೇಲೆ ಉಕ್ಕಿನ ಕೊಳವೆಗಳ ಹಂದರ ಕಟ್ಟಿ, ಸಣ್ಣ ಸ್ಪೀಕರ್‌ಗಳನ್ನು ಹಂಚಿ ತೂಗಿದರು. ಪ್ರತಿ ಸ್ಪೀಕರಿನ ಧ್ವನಿಯನ್ನು ರಂಗದಿಂದ ಬರುವ ಧ್ವನಿಗೆ ಹೊಂದುವಷ್ಟು ತಡಮಾಡಿ ಬಿಡುತ್ತಾರೆ. ಆ ಹಂದರ ನಮಗೆ ಬೇಕಿಲ್ಲ, ಹಂಚಿ ಇಡುವ ತತ್ವ ಮಾತ್ರ ಬೇಕು. ಪಾವಟಿಗೆಯ ಅಂಚುಗಳಲ್ಲಿ, ಬೆಳಕುಗಾರ ಅವರು ಹೇಳಿದ ಅದೇ ಕಂಬಗಳ ಮೇಲೆ ಸಣ್ಣ ಸ್ಪೀಕರ್‌ಗಳನ್ನು ಕೂರಿಸಿದರೆ ಸಾಕು. ಲಾಸ್ ಏಂಜಲೀಸ್‌ನ ಹಾಲಿವುಡ್ ಬೌಲ್ ಬಯಲು ರಂಗಮಂದಿರದವರು ರಂಗದ ಮೇಲಿನ 1929ರ ಕಮಾನಿನ ಧ್ವನಿದೋಷ ಸರಿಪಡಿಸಲು 1970ರಲ್ಲಿ ರಟ್ಟಿನ ಕೊಳವೆಗಳನ್ನೂ 1980ರಲ್ಲಿ ಫೈಬರ್‌ಗ್ಲಾಸ್ ಗೋಳಗಳನ್ನೂ ಹಾಕಿ ನೋಡಿ, ಕೊನೆಗೆ 2004ರಲ್ಲಿ ಕಮಾನನ್ನೇ ಬದಲಿಸಿದರು. ಧ್ವನಿಯನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಟ್ಟರೆ ಇಷ್ಟು ದಶಕ ತೇಪೆ ಹಾಕಬೇಕಾಗುತ್ತದೆ.

ಬಯಲುರಂಗ

ಎಲ್ಲರಿಗೂ ಕೃತಜ್ಞತೆಗಳು. ಬೇಲಿ ಬೇಡ, ಪ್ರೇಕ್ಷಕರ ಮೇಲೆ ಶಾಶ್ವತ ಚಾವಣಿ ಬೇಡ, ಪ್ರಸಾಧನ ಕಟ್ಟಡ ಒಂದೇ ಅಂತಸ್ತಿನದಾಗಿ ಮರಗಳಿಲ್ಲದ ಬದಿಗೆ ಬರಲಿ, ಮೇಲಿನ ಮತ್ತು ಕೆಳಗಿನ ಹಾದಿಗಳು ಮೊದಲ ಹಂತದಲ್ಲೇ ಆಗಲಿ ಎಂದು ಬರೆಯುತ್ತೇನೆ. ಒಂದು ಸಂದೇಹ ಉಳಿದಿದೆ. ಬರಿಯ ಕಲ್ಲಿನ ಮೇಲೆ ಮೂರು ಗಂಟೆ ಕೂರುವುದು ಹಿರಿಯರಿಗೆ ಕಷ್ಟ ಎಂಬ ವಾದವನ್ನು ಅವರು ಖಂಡಿತ ಮುಂದಿಡುತ್ತಾರೆ. ಆಗ ಏನು ಹೇಳಲಿ?

ಕಲ್ಲುಗಾರೆ

ಸಿಸಿಲಿಯ ಸಿರಾಕ್ಯೂಸ್‌ನಲ್ಲಿರುವ ಗ್ರೀಕ್ ರಂಗಮಂದಿರದಲ್ಲಿ 1914ರಿಂದ ಪ್ರಾಚೀನ ನಾಟಕಗಳ ಪ್ರದರ್ಶನ ನಡೆಯುತ್ತಿದೆ. ಅಲ್ಲಿ ಹಂಗಾಮು ಬಂದಾಗ ಕಲ್ಲಿನ ಮೆಟ್ಟಿಲುಗಳ ಮೇಲೆ ಮರದ ಆಸನಗಳನ್ನು ಹೊದಿಸುತ್ತಾರೆ, ಮುಗಿದ ಮೇಲೆ ತೆಗೆಯುತ್ತಾರೆ. ಕಲ್ಲೂ ಸವೆಯುವುದಿಲ್ಲ, ಕೂರುವವರಿಗೂ ಹಿತ. ಕೆಲವು ಸಾಲುಗಳಿಗೆ ಬೆನ್ನಾಸರೆಯಿರುವ ಮರದ ಚೌಕಟ್ಟುಗಳನ್ನು ಇದೇ ರೀತಿ ಮಾಡಿಸಬಹುದು, ಆದರೆ ಕಲ್ಲಿಗೆ ಮೊಳೆ ಅಥವಾ ಬೋಲ್ಟ್ ಹೊಡೆಯಕೂಡದು, ಚೌಕಟ್ಟಿನ ಕಾಲುಗಳ ಕೆಳಗೆ ರಬ್ಬರ್ ಇರಬೇಕು, ಕಲ್ಲಿಗೂ ಹಲಗೆಗೂ ನಡುವೆ ಗಾಳಿ ಹಾಯುವಷ್ಟು ಜಾಗ ಬಿಡಬೇಕು.

ಪತ್ರ ಸಲ್ಲಿಸುವ ಮುನ್ನ ಜೋರು ಮಳೆ ಬಂದಾಗ ಒಮ್ಮೆ ಅಲ್ಲಿಗೆ ಹೋಗಿ, ನೀರು ಎಲ್ಲಿಂದ ಇಳಿಯುತ್ತದೆ, ಯಾವ ಸಾಲಿನ ಹಿಂದೆ ನಿಲ್ಲುತ್ತದೆ, ರಂಗದ ಎದುರಿನ ಹಳೆಯ ಮೋರಿ ಕಟ್ಟಿಕೊಂಡಿದೆಯೇ ಎಂದು ನೋಡಿ ಫೋಟೋ ತೆಗೆದುಕೊಳ್ಳಿ. ಮೋರಿಯ ಬಾಯಲ್ಲಿ ಬರೀ ಎಲೆ ಮತ್ತು ಹೂಳು ತುಂಬಿದ್ದರೆ, ಕಲ್ಲು ಕೀಳುವ ವಾದದ ಅರ್ಧ ಬಲ ಆ ಫೋಟೋದಿಂದಲೇ ಕುಸಿಯುತ್ತದೆ.

ಗಾಲಿಪಯಣ

ಮರದ ಚೌಕಟ್ಟುಗಳನ್ನು ಹಾಕುವಾಗ ಸಾಲಿನ ತುದಿಯಲ್ಲಿ ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಜಾಗ ಬಿಡಬೇಕೆಂದು ಅದೇ ಸಾಲಿನಲ್ಲಿ ಸೇರಿಸಿ. ಕರಡು ಪತ್ರವನ್ನು ಇಲ್ಲಿ ಹಾಕಿದರೆ ಹಾದಿಗಳ ಭಾಗವನ್ನು ನಾನೇ ಓದಿ ತಿದ್ದಿಕೊಡುತ್ತೇನೆ.